ಮಾವನ ನಾಲ್ಕು ಮಡಕೆಗಳು

ಮಡಕೆ ಕೊಳ್ಳುವವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಬೆರಳಿನಿಂದ ತಟ್ಟಿ ನೋಡುತ್ತಾರೆ, ಬೆಳಕಿಗೆ ಹಿಡಿದು ಬಿರುಕು ಹುಡುಕುತ್ತಾರೆ, ಒಂದಿಷ್ಟು ಚೌಕಾಸಿ ಮಾಡಿ ಮನೆಗೆ ತರುತ್ತಾರೆ. ನನ್ನ ಸೋದರಮಾವ ಮಾತ್ರ ಮಡಕೆಯ ಬಾಯಿಗೆ ಬಾಯಿಟ್ಟು 'ಹಲೋ, ಹಲೋ, ಮೈಕ್ ಟೆಸ್ಟಿಂಗ್' ಎಂದು ಕೂಗಿ, ಒಳಗಿನಿಂದ ಬಂದ ಉತ್ತರ ಸಮಾಧಾನವಾದರೆ ಮಾತ್ರ ಕೊಳ್ಳುತ್ತಿದ್ದ. ನಮ್ಮ ಬಡಾವಣೆಯ ಪಕ್ಕದ ಯಡಿಯೂರಿನಲ್ಲಿ ಮಡಕೆ ಮಾರುತ್ತಿದ್ದ ಹೆಂಗಸು ಇಂಥ ಗಿರಾಕಿಯನ್ನು ಅದುವರೆಗೆ ಕಂಡಿರಲಿಲ್ಲ. ಹನ್ನೊಂದನೆಯ ಮಡಕೆಗೂ ಮಾವ ಹಲೋ ಎಂದಾಗ ಆಕೆ ನನ್ನನ್ನು ಪಕ್ಕಕ್ಕೆ ಕರೆದಳು.

"ಅಕ್ಕಾ, ಇವ್ರಿಗೆ ಎಷ್ಟ್ ದಿನದಿಂದ ಹಿಂಗೆ?"

"ಹುಟ್ಟಿದಾಗಿಂದ" ಎಂದೆ. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

ನನ್ನ ತಾಯಿಯ ತಮ್ಮನಾದ್ದರಿಂದ ಮಾವನಿಗೆ ನಾನು ಮಾತು ಕಲಿತಂದಿನಿಂದ ಏಕವಚನ. ಅವನ ಹೆಂಡತಿಗೆ, ಅಂದರೆ ನನ್ನ ಅತ್ತೆಗೆ, ಅವರು ಮದುವೆಯಾಗಿ ಬಂದಂದಿನಿಂದ ಬಹುವಚನ. ಯಾರಿಗೆ ಯಾವುದು ಸಲ್ಲಬೇಕೆಂದು ಇದನ್ನು ಓದಿದ ಮೇಲೆ ನೀವೇ ತೀರ್ಮಾನಿಸಿ. ಆಗ ಎಂಬತ್ತರ ದಶಕದ ನಡುಗಾಲ. ಮಾವ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಬನಶಂಕರಿ ಸೆಕೆಂಡ್ ಸ್ಟೇಜಿನಲ್ಲಿ ಪುಟ್ಟ ಮನೆ ಕಟ್ಟಿಸಿಕೊಂಡಿದ್ದ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡು ಪಕ್ಕದ ರಸ್ತೆಯಲ್ಲೇ ಬಾಡಿಗೆಗಿದ್ದೆ. ಭಾನುವಾರದ ತಿಂಡಿ ಅತ್ತೆಯ ಮನೆಯಲ್ಲಿ ಎಂಬುದು ಬರೆದಿಡದ ಕಾನೂನಾಗಿತ್ತು.

ಕೆಟ್ಟು ಹೋದದ್ದನ್ನು ರಿಪೇರಿ ಮಾಡುವವರು ಊರಿಗೊಬ್ಬರಿರುತ್ತಾರೆ. ಮಾವ ಚೆನ್ನಾಗಿರುವುದನ್ನು ರಿಪೇರಿ ಮಾಡುತ್ತಿದ್ದ. ಮೂರು ಸ್ಪೀಡಿನ ಫ್ಯಾನನ್ನು ಬಿಚ್ಚಿ ಐದು ಸ್ಪೀಡಿನದಾಗಿ ಮಾಡಿದ. ಐದರಲ್ಲೂ ಅದು ಒಂದೇ ವೇಗದಲ್ಲಿ ತಿರುಗುತ್ತಿತ್ತು. ಇಸ್ತ್ರಿಪೆಟ್ಟಿಗೆಗೆ ರೇಡಿಯೋದ ತಿರುಗಿಸುವ ಗುಬಟು ಕೂಡಿಸಿದ. ಯಾಕೆ ಎಂದು ಕೇಳಿದರೆ, "ನೋಡೋಕೆ ಚೆನ್ನಾಗಿದೆ ಅಲ್ವೇನೇ?" ಎಂದ. ಅವನ ಸಂಶೋಧನೆಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಬಾಗಿಲ ಬೆಲ್ಲು ಒಂದೇ. ಹೊರಗೆ ಗುಂಡಿ ಒತ್ತಿದರೆ ಒಳಗೆ ಸದ್ದಿನ ಜೊತೆಗೆ ಅಡಿಗೆಮನೆಯಲ್ಲಿ ಕೆಂಪು ಬಲ್ಬು ಹೊತ್ತಿಕೊಳ್ಳುತ್ತಿತ್ತು. ಅದಕ್ಕೆ ಕಾರಣವಿತ್ತು: ಅತ್ತೆಗೆ ಬಲಗಿವಿ ಕೇಳುತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಬಂದ ಜ್ವರ ಆ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಎಡಗಿವಿ ಮಾತ್ರ ಎರಡರ ಕೆಲಸವನ್ನೂ ಮಾಡುತ್ತಿತ್ತು. ಪಕ್ಕದ ಮನೆಯಲ್ಲಿ ಕುಕ್ಕರು ಎಷ್ಟು ಸಲ ಕೂಗಿತೆಂದು ಅತ್ತೆ ಲೆಕ್ಕ ಹೇಳುತ್ತಿದ್ದರು. ಆದರೆ ಒಂದೇ ಕಿವಿಯವರಿಗೆ ಒಂದು ತೊಂದರೆ. ಸದ್ದು ಕೇಳುತ್ತದೆ, ಎತ್ತಲಿಂದ ಬಂತೆಂದು, ಬೆಲ್ಲು ತಮ್ಮದೋ ಪಕ್ಕದ ಮನೆಯದೋ ಎಂದು ತಿಳಿಯುವುದಿಲ್ಲ. ಬೆಳಿಗ್ಗೆ ಸೊಪ್ಪಿನಮ್ಮ "ಸೊಪ್ಪೋ... ದಂಟು, ಮೆಂತ್ಯಾ, ಸಬ್ಸಿಗೇ..." ಎಂದು ಕೂಗಿದೊಡನೆ ಅತ್ತೆ ಬುಟ್ಟಿ ಹಿಡಿದು ಗೇಟಿಗೆ ಓಡುತ್ತಿದ್ದರು, ಓಡಿ, ಅವಳಿಲ್ಲದ ದಿಕ್ಕಿಗೆ ಮುಖ ಮಾಡಿ ಕಾಯುತ್ತಿದ್ದರು. ಸೊಪ್ಪಿನಮ್ಮ ಹಿಂದಿನಿಂದ ಬಂದು "ಅಮ್ಮಾ, ಈ ಕಡೆ" ಎಂದು ಭುಜ ಮುಟ್ಟಬೇಕು. ಬೀದಿಯವರು ನಗುತ್ತಿದ್ದರು, ಅತ್ತೆಯೂ ನಗುತ್ತಿದ್ದರು. ಮಾವನೊಬ್ಬ ನಗುತ್ತಿರಲಿಲ್ಲ.

ಈ ಹೊತ್ತಿಗೆ ಸರಿಯಾಗಿ ಮಾವನ ಆಫೀಸರೊಬ್ಬರು ನಮ್ಮನ್ನೆಲ್ಲ ಜಯನಗರ ಫೋರ್ತ್ ಬ್ಲಾಕಿನ ತಮ್ಮ ಮನೆಗೆ ಕಾಫಿಗೆ ಕರೆದರು. ಕಾಫಿ ನೆಪ ಮಾತ್ರ. ಅವರ ಭಾವಮೈದುನ ಸಿಂಗಪುರದಿಂದ ಅದೇನೋ ಸೆಟ್ಟು ತಂದಿದ್ದ. ಮುಂದೆ ಎರಡು ಸ್ಪೀಕರು, ಹಿಂದೆ ಎರಡು ಸ್ಪೀಕರು. "ಇದಕ್ಕೆ ಸರೌಂಡ್ ಸೌಂಡ್ ಅಂತಾರೆ" ಎಂದು ಆಫೀಸರು ಗುಂಡಿ ಒತ್ತಿದರು. ಒಂದು ವಿಮಾನ ಟಿ.ವಿ.ಯ ಪಕ್ಕದಿಂದ ಎದ್ದು, ನಮ್ಮ ತಲೆಯ ಮೇಲೆ ಹಾದು, ಹಿಂದಿನ ಷೋಕೇಸಿನ ಕಡೆ ಹೊರಟು ಹೋಯಿತು. ಮಾವ ತಲೆ ಬಗ್ಗಿಸಿದ. ನಾನು ಕಾಫಿ ಲೋಟ ಗಟ್ಟಿಯಾಗಿ ಹಿಡಿದುಕೊಂಡೆ. ಎಲ್ಲರೂ ಕತ್ತು ತಿರುಗಿಸಿ ಹಿಂದೆ ನೋಡಿದರು. ಅತ್ತೆ ಮಾತ್ರ ನಮ್ಮೆಲ್ಲರ ಮುಖ ನೋಡಿ, ಎತ್ತ ನೋಡಬೇಕೆಂದು ತಿಳಿದುಕೊಂಡು, ಆಮೇಲೆ ಹಿಂದೆ ತಿರುಗಿದರು.

ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಹೇಳಿದರು: "ಚೆನ್ನಾಗಿತ್ತು ರೀ. ನಂಗೆ ಮಾತ್ರ ಎಲ್ಲಾ ಒಂದೇ ಕಡೆಯಿಂದ ಬಂದ್ಹಾಗಾಯ್ತು."

ಮಾವ ಬಸ್ಸಿನ ಟಿಕೆಟಿನ ಹಿಂದೆ ಪೆನ್ನಿನಿಂದ ನಾಲ್ಕು ಸೊನ್ನೆ ಬರೆದ. ಆಮೇಲೆ, "ನಮ್ಮನೇಲಿ ನಾನು ಮಾಡ್ತೀನಿ. ನಿಂಗೆ ಬಲಗಡೆಯಿಂದ ಬಂದಿದ್ದು ಬಲಗಡೆಯಿಂದಾನೇ ಅಂತ ಗೊತ್ತಾಗ್ಬೇಕು, ಹಂಗೆ ಮಾಡ್ತೀನಿ" ಎಂದ.

"ಆಗಲ್ಲ ಅಂತ ಡಾಕ್ಟ್ರೇ ಹೇಳಿದಾರಲ್ಲ?"

"ಡಾಕ್ಟ್ರಿಗೆ ಎಲೆಕ್ಟ್ರಾನಿಕ್ಸ್ ಏನ್ ಗೊತ್ತು."

ಹಾಗೆ ಶುರುವಾಯಿತು ನೋಡಿ. ಆಂಪ್ಲಿಫೈಯರನ್ನು ಮಾವ ತಾನೇ ಜೋಡಿಸಿದ. ಎಲೆಕ್ಟ್ರಾನಿಕ್ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಎಷ್ಟು ಸಲ ಹೋದನೆಂದರೆ, ಅಲ್ಲಿನ ಅಂಗಡಿಯವನು ಮಗಳ ಮದುವೆಗೆ ಕರೆದ. ಸ್ಪೀಕರುಗಳೇನೋ ಸಿಕ್ಕವು, ಆದರೆ ಅವನ್ನು ಕೂರಿಸಲು ಮರದ ಪೆಟ್ಟಿಗೆ ಬೇಕು. ಪೆಟ್ಟಿಗೆಯ ಸದ್ದು ಮಾವನಿಗೆ ಹಿಡಿಸಲಿಲ್ಲ. ಮಡಕೆಯ ಬಾಯಿಗೆ ಸ್ಪೀಕರು ಕೂರಿಸಿದರೆ ದನಿ ದುಂಡಗೆ ಬರುತ್ತದೆಂದು ಯಾರೋ ಹೇಳಿದರಂತೆ. ಹಾಗಾಗಿ ಯಡಿಯೂರು, ಹಾಗಾಗಿ ಹಲೋ ಹಲೋ. ಕೊನೆಗೆ ನಾಲ್ಕು ಮಡಕೆಗಳು ಆಟೋದಲ್ಲಿ ನಮ್ಮಿಬ್ಬರ ತೊಡೆಯ ಮೇಲೆ ಕೂತು ಮನೆಗೆ ಬಂದವು. ಹಾಲಿನ ನಾಲ್ಕು ಮೂಲೆಗೆ ನಾಲ್ಕು ಸ್ಟೂಲು, ಸ್ಟೂಲಿಗೊಂದು ಮಡಕೆ, ನಡುವೆ ಒಂದು ಬೆತ್ತದ ಕುರ್ಚಿ. ಆ ಹಾಲು ಎಷ್ಟು ವಿಶಾಲವೆಂದರೆ, ಕುರ್ಚಿಯಲ್ಲಿ ಕೂತವರು ಕೈ ಚಾಚಿದರೆ ಮಡಕೆಗೆ ತಗಲುತ್ತಿತ್ತು.

"ನೀರು ತುಂಬದ ಮಡಕೆ ಮನೇಲಿ ಇಟ್ಕೋಬಾರ್ದು ರೀ" ಎಂದರು ಅತ್ತೆ.

"ಸಂಗೀತ ತುಂಬ್ತೀನಿ ಕಣೇ" ಎಂದ ಮಾವ.

ಆದರೆ ಮೊದಲು ತುಂಬಿದ್ದು ಸೊಪ್ಪು. ಸದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವ ಕ್ಯಾಸೆಟ್ಟು ಬೇಕಲ್ಲ! ವಿಮಾನ ಎಲ್ಲಿಂದ ತರುವುದು? ಮಾವ ಎರಡು ಮೈಕುಗಳನ್ನು ತಂದು, ಒಂದನ್ನು ತನ್ನ ಮನೆಯ ಗೇಟಿಗೂ ಇನ್ನೊಂದನ್ನು ಪಕ್ಕದ ಮನೆಯ ಗೇಟಿಗೂ ಕಟ್ಟಿ, ನಡುವೆ ಸೊಪ್ಪಿನಮ್ಮ ಕೂಗುತ್ತ ಹಾದುಹೋಗುವಂತೆ ಏರ್ಪಾಡು ಮಾಡಿದ. ಮೊದಲನೆಯ ಸಲ ನಾಯಿ ಬೊಗಳಿತು. ಎರಡನೆಯ ಸಲ ಸೈಕಲ್ ಬೆಲ್ಲು. ಮೂರನೆಯ ಸಲ ಸೊಪ್ಪಿನಮ್ಮ ಮೈಕು ನೋಡಿ ನಾಚಿಕೊಂಡಳು. "ಇನ್ನೊಂದ್ ಸಲ ಹಂಗೇ ನಡ್ಕೊಂಡ್ ಬಾಮ್ಮ" ಎಂದಾಗಲೆಲ್ಲ ಆಕೆ, "ಬೋಣಿ ಆಗ್ದೆ ಎಷ್ಟ್ ಸಲ ನಡೀಲಿ ಸ್ವಾಮಿ?" ಎಂದು ಒಂದೊಂದು ಕಟ್ಟು ಇಳಿಸಿ ಹೋಗುತ್ತಿದ್ದಳು. ಏಳು ಸಲಕ್ಕೆ ರೆಕಾರ್ಡಿಂಗ್ ಮುಗಿಯಿತು. ಆ ವಾರವಿಡೀ ನಮಗೆ ಬೆಳಿಗ್ಗೆ ಸೊಪ್ಪಿನ ರೊಟ್ಟಿ, ಮಧ್ಯಾಹ್ನ ಮಸ್ಸೊಪ್ಪು, ಸಂಜೆ ಸೊಪ್ಪಿನ ಪಲ್ಯ.

ಇನ್ನು ವೈರಿನ ಕಥೆ. ಪ್ರತಿ ಮಡಕೆಯ ಕತ್ತಿನಲ್ಲಿ ಎರಡು ಸ್ಕ್ರೂ. ಒಂದು ಪ್ಲಸ್ಸು, ಒಂದು ಮೈನಸ್ಸು. ಅದಲು ಬದಲಾದರೆ ಏನು ಮಹಾ ಎಂದು ನಾನು ಕೇಳಿದೆ. "ಕೆಟ್ಟ್ ನಿಂತಿರೋ ಬಸ್ಸನ್ನ ನಾಲ್ಕು ಜನ ತಳ್ಬೇಕು. ಇಬ್ಬರು ಮುಂದಕ್ಕೆ, ಇಬ್ಬರು ಹಿಂದಕ್ಕೆ ತಳ್ಳಿದ್ರೆ ಬಸ್ಸು ಹೋಗುತ್ತಾ? ಸದ್ದೂ ಅಷ್ಟೇ" ಎಂದ ಮಾವ. ಮಡಕೆಯ ಮೇಲೆ ಪೆನ್ನು ಮೂಡುತ್ತಿರಲಿಲ್ಲ. ಆದ್ದರಿಂದ ದೇವರ ಮನೆಗೆ ಹೋಗಿ ಬಟ್ಟಲು ತಂದು, ಪ್ಲಸ್ಸಿಗೆ ಕುಂಕುಮ, ಮೈನಸ್ಸಿಗೆ ಅರಿಶಿನ ಹಚ್ಚಿದ. ವೈರಿನ ಎರಡು ಎಳೆಗಳಲ್ಲಿ ಒಂದಕ್ಕೆ ಗಂಟು ಹಾಕಿದ. ಗಂಟಿನ ಎಳೆ ಕುಂಕುಮಕ್ಕೆ, ಬರಿಯ ಎಳೆ ಅರಿಶಿನಕ್ಕೆ. ಎಷ್ಟು ಸರಳ! ಪ್ಲಸ್ಸು ಮೈನಸ್ಸಿನ ಮೂಲ ಗುರುತಿದ್ದ ಸ್ಪೀಕರಿನ ಹಿಂಭಾಗವನ್ನೆಲ್ಲ ಮೇಣ ಹಾಕಿ ಮುಚ್ಚಿಯೂ ಬಿಟ್ಟ. ಒಂದೇ ಒಂದು ಕೆಲಸ ಮರೆತ. ಅರಿಶಿನ ಕುಂಕುಮದ ಈ ಹೊಸ ಅರ್ಥವನ್ನು ಅತ್ತೆಗೆ ಹೇಳಲಿಲ್ಲ.

ವಿಜಯದಶಮಿಯ ಮಧ್ಯಾಹ್ನ ನಾಲ್ಕಕ್ಕೆ ಉದ್ಘಾಟನೆ ಎಂದು ನೆಂಟರಿಗೆಲ್ಲ ಹೇಳಿದ್ದಾಯಿತು. ಜಯನಗರದ ಆಫೀಸರನ್ನೂ ಕರೆದಾಯಿತು. ಅದರ ಹಿಂದಿನ ದಿನ ಏನು? ಆಯುಧಪೂಜೆ. ಆ ಮನೆಯಲ್ಲಿ ದುಡಿಯುವ ಯಾವ ವಸ್ತುವನ್ನೂ ಅತ್ತೆ ಬಿಟ್ಟವರಲ್ಲ. ಸ್ಕೂಟರಿಗೆ, ಹೊಲಿಗೆ ಮಿಷಿನ್ನಿಗೆ, ಈಳಿಗೆಮಣೆಗೆ, ಐದು ಸ್ಪೀಡಿನ ಆ ಫ್ಯಾನಿಗೂ ಪೂಜೆ. ಮಡಕೆಗಳನ್ನು ಬಿಡುತ್ತಾರೆಯೇ? ಪೂಜೆಗೆ ಕೂರುವವರನ್ನು ವೈರಿನಲ್ಲಿ ಕಟ್ಟಿಹಾಕಬಾರದೆಂದು ಮಾವನಿಂದಲೇ ವೈರು ಬಿಚ್ಚಿಸಿ, ನಾಲ್ಕನ್ನೂ ದೇವರ ಮುಂದೆ ಸಾಲಾಗಿ ಇಟ್ಟು, ಸೇವಂತಿಗೆ ಮುಡಿಸಿ ಆರತಿ ಎತ್ತಿದರು. ಮಾವ ಭಕ್ತಿಯಿಂದ ಜಾಗಟೆ ಬಾರಿಸಿದ.

ಮರುದಿನ ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಆಫೀಸರು ಬೆತ್ತದ ಕುರ್ಚಿಯಲ್ಲಿ, ನೆಂಟರು ಚಾಪೆಯ ಮೇಲೆ, ಬೀದಿಯವರು ಕಿಟಕಿಯಲ್ಲಿ. ಮಾವ ಹೊಸ ಪಂಚೆಯುಟ್ಟು, ಗಡಿಬಿಡಿಯಲ್ಲಿ ಕುಂಕುಮ ಕಂಡಲ್ಲಿ ಗಂಟಿನ ಎಳೆ ಬಿಗಿದು ವೈರುಗಳನ್ನು ಜೋಡಿಸಿ, ಕ್ಯಾಸೆಟ್ಟು ಒತ್ತಿದ. ಬಂತು ಸದ್ದು! ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಸೊಪ್ಪಿನಮ್ಮ ನೆಗಡಿ ಹಿಡಿದವಳಂತೆ, ದೂರದ ಬಾವಿಯೊಳಗಿಂದ ಕೂಗುತ್ತಿದ್ದಳು. ಎಡವೂ ಇಲ್ಲ, ಬಲವೂ ಇಲ್ಲ. ಆಫೀಸರು ಮುಗುಳ್ನಕ್ಕು, "ಪರ್ವಾಗಿಲ್ಲ ಕಣ್ರಿ, ಮನೇಲಿ ಮಾಡಿದ್ದು ಅಂದ್ರೆ ಇಷ್ಟೇ ಆಗೋದು" ಎಂದರು. ಆ ಸಮಾಧಾನಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮಾವ ಬಗ್ಗಿ ಮಡಕೆಯ ಕತ್ತು ನೋಡಿದ. ಎರಡು ಸ್ಕ್ರೂಗಳ ಮೇಲೂ ಅರಿಶಿನ, ಎರಡರ ಮೇಲೂ ಕುಂಕುಮ. ಎರಡನೆಯ ಮಡಕೆ ನೋಡಿದ, ಅದೂ ಹಾಗೆಯೇ. ನಾಲ್ಕೂ ಹಾಗೆಯೇ.

"ಇದಕ್ಕೆ ಅರಿಶಿನ ಕುಂಕುಮ ಯಾರು ಇಟ್ಟಿದ್ದು?"

"ನಾನೇ" ಎಂದರು ಅತ್ತೆ. "ಯಾರೋ ಒಂದಕ್ಕೆ ಬರೀ ಅರಿಶಿನ, ಇನ್ನೊಂದಕ್ಕೆ ಬರೀ ಕುಂಕುಮ ಇಟ್ಟು ಅರ್ಧಂಬರ್ಧ ಮಾಡಿದ್ರು. ಒರೆಸಿ ಎರಡಕ್ಕೂ ಸರಿಯಾಗಿ ಇಟ್ಟೆ. ಯಾಕೆ, ಏನಾಯ್ತು?"

ಮಾವ ಏನೆಂದು ವಿವರಿಸಿದ. ಬೇರೆ ಯಾರಾದರೂ ಆಗಿದ್ದರೆ ಹಬ್ಬದ ದಿನವೆಂದೂ ನೋಡದೆ ಎಗರಾಡುತ್ತಿದ್ದರು. ಅವನು ತಲೆ ಕೆರೆದುಕೊಂಡನಷ್ಟೆ. ಅತ್ತೆಯ ಮುಖ ಮಾತ್ರ ಸಣ್ಣದಾಯಿತು. "ನಂಗೋಸ್ಕರ ಮಾಡಿದ್ದನ್ನ ನಾನೇ ಹಾಳ್ ಮಾಡ್ದೆ" ಎಂದು ಮೆಲ್ಲಗೆ ಅಂದರು.  ಆಫೀಸರು ಗಡಿಯಾರ ನೋಡಿಕೊಂಡರು.

"ಯಾರೂ ಏಳ್ಬೇಡಿ. ಕಾಫಿ ಕೊಡ್ತಾರೆ" ಎಂದು ಮಾವ ಟಾರ್ಚಿನಿಂದ ಒಂದು ಸೆಲ್ಲು ತೆಗೆದ. ಸೆಲ್ಲಿಗೆ ಎರಡು ತುಂಡು ವೈರು ಹಿಡಿದು ಸ್ಕ್ರೂಗಳಿಗೆ ಮುಟ್ಟಿಸಿದರೆ ಸ್ಪೀಕರಿನ ಕಾಗದ ಒಂದಿಷ್ಟು ಮುಂದಕ್ಕೆ ಬರುತ್ತದೆ, ಇಲ್ಲವೇ ಒಳಕ್ಕೆ ಹೋಗುತ್ತದೆ. ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ಸು ತಗಲಿದ ಸ್ಕ್ರೂವೇ ಪ್ಲಸ್ಸು. ಉಪಾಯವೇನೋ ಒಳ್ಳೆಯದು, ನೋಡುವವರು ಯಾರು? ಕನ್ನಡಕ ಹಾಕಿ ನಾನು ನೋಡಿದೆ, ಕದಲಿದಂತೆಯೇ ಕಾಣಲಿಲ್ಲ. ಆಫೀಸರು ನೋಡಿ "ಮುಂದೆ" ಎಂದರು, ಮತ್ತೆ ನೋಡಿ "ಹಿಂದೆ" ಎಂದರು.

ಅತ್ತೆ ಕಾಫಿ ತಟ್ಟೆ ಕೆಳಗಿಟ್ಟು ಬಂದು, ಸ್ಪೀಕರಿನ ಮೇಲೆ ಮೂರು ಬೆರಳು ಹಗುರಾಗಿ ಇಟ್ಟರು. ಪಾತ್ರೆಯ ಹೊರಗೆ ಕೈಯಿಟ್ಟು ಇಡ್ಲಿ ಹಿಟ್ಟು ಉಬ್ಬಿದೆಯೋ ಇಲ್ಲವೋ ಹೇಳುವ ಬೆರಳುಗಳು ಅವು.

"ಮುಟ್ಸಿ" ಎಂದರು. ಮಾವ ಮುಟ್ಟಿಸಿದ.

"ಒಳಗ್ ಹೋಯ್ತು."

ಮಾವ ತಿರುಗಿಸಿ ಮುಟ್ಟಿಸಿದ.

"ಈಗ ಈಚೆ ಬಂತು."

ನಾಲ್ಕು ಮಡಕೆಗಳಿಗೂ ಒಂದು ಸಲವೂ ತಡವರಿಸದೆ ಹೇಳಿದರು. ಎರಡು ಮಡಕೆ ಉಲ್ಟಾ ಇದ್ದವು. ಅತ್ತೆಯೇ ಸ್ಕ್ರೂಗಳನ್ನು ಒರೆಸಿ, ಸರಿಯಾದದ್ದಕ್ಕೆ ಮಾತ್ರ ಕುಂಕುಮ ಇಟ್ಟರು. ಮಾವ ಗಂಟಿನ ಎಳೆಗಳನ್ನು ಬಿಗಿದ. ಆಮೇಲೆ ಆಫೀಸರ ಹತ್ತಿರ ಹೋಗಿ, ಕೈಮುಗಿದು, "ಸಾರ್, ತಪ್ಪು ತಿಳ್ಕೋಬೇಡಿ, ಈ ಕುರ್ಚಿ ನಮ್ಮನೆಯವರಿಗೆ" ಎಂದ. ಮೇಲಧಿಕಾರಿಯನ್ನು ಎಬ್ಬಿಸಿ ಹೆಂಡತಿಯನ್ನು ಕೂರಿಸಿದ ಇನ್ನೊಬ್ಬನನ್ನು ನಾನು ಇವತ್ತಿಗೂ ಕಂಡಿಲ್ಲ.

ಕ್ಯಾಸೆಟ್ಟು ತಿರುಗಿತು. ಅಬ್ಬಾ, ಏನು ಹೇಳಲಿ! ಸೊಪ್ಪಿನಮ್ಮ ಹಾಲಿನೊಳಗೇ ಬಂದುಬಿಟ್ಟಳು. ಅವಳ ಚಪ್ಪಲಿಯ ಸದ್ದು ಎಡಗಡೆ ಹುಟ್ಟಿ, ನಮ್ಮ ನಡುವೆಯೇ ನಡೆದು, ಬಲಗಡೆಗೆ ಹೊರಟಿತು. ಬೀದಿಯ ಗದ್ದಲ ಬೆನ್ನ ಹಿಂದೆ ಹರಡಿಕೊಂಡಿತು. ಚಾಪೆಯ ಮೇಲಿದ್ದವರೆಲ್ಲ ಒಟ್ಟಿಗೇ ಕತ್ತು ತಿರುಗಿಸಿದರು. ಕಿಟಕಿಯಲ್ಲಿದ್ದ ಆಂಟಿಯೊಬ್ಬರು ಸೊಪ್ಪು ಕೊಳ್ಳಲು ನಿಜವಾದ ಬೀದಿಯ ಕಡೆ ನೋಡಿದರು. ಆಫೀಸರು ನಿಂತಲ್ಲೇ, "ನಮ್ಮನೇದಕ್ಕಿಂತ ಇದೇ ವಾಸಿ ಕಣ್ರಿ" ಎಂದು ಒಪ್ಪಿಕೊಂಡರು. ಗೆದ್ದೆವು! ಸಿಂಗಪುರವನ್ನು ಯಡಿಯೂರಿನ ಮಡಕೆಗಳು ಸೋಲಿಸಿದವು. ನಾನು ಚಪ್ಪಾಳೆ ತಟ್ಟಿದ್ದು ನೆನಪಿದೆ.

ಮಾವ ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಕುರ್ಚಿಯಲ್ಲಿದ್ದವರನ್ನೇ ನೋಡುತ್ತಿದ್ದ. ಅತ್ತೆ ನಮ್ಮ ಮುಖಗಳನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಕೂತಿದ್ದರು. ಅವರಿಗೆ ಈಗಲೂ ಎಲ್ಲ ಒಂದೇ ಕಡೆಯಿಂದ ಕೇಳುತ್ತಿತ್ತೆಂದು ನನಗೆ ಗೊತ್ತಿತ್ತು. ಡಾಕ್ಟರು ಹೇಳಿದ್ದು ನಿಜವೇ. ಆಗ ಅತ್ತೆ ಎರಡೂ ತೋಳುಗಳನ್ನು ಮೆಲ್ಲಗೆ ಚಾಚಿ, ಎಡಗೈಯನ್ನು ಎಡಗಡೆಯ ಮಡಕೆಯ ಮೇಲೆ, ಬಲಗೈಯನ್ನು ಬಲಗಡೆಯ ಮಡಕೆಯ ಮೇಲೆ ಇಟ್ಟರು. ಎರಡೂ ಮಡಕೆಗಳ ನಡುಕವನ್ನು ಬೆರಳುಗಳಲ್ಲೇ ಅಳೆದು ಕಣ್ಣು ಬಿಟ್ಟರು.

"ರೀ, ಸೊಪ್ಪಿನವಳು ಬಲಗಡೆಗೆ ಹೋದ್ಲು ಅಲ್ವಾ?"

ಮಾವ ತಲೆಯಾಡಿಸಿದ. ನನ್ನ ಕಣ್ಣು ತುಂಬಿ ಬಂತು. "ಇರಿ, ವೈರ್ ಎಲ್ಲೋ ಸಡಿಲ ಆಗಿದೆ, ನೋಡ್ಕೊಂಡ್ ಬರ್ತೀನಿ" ಎಂದು ಅವನು ಸರಸರನೆ ಅಡಿಗೆಮನೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡ.

ಮಡಕೆಗಳ ಒಂದು ವೈರನ್ನೂ ಅವನು ಅಡಿಗೆಮನೆಗೆ ಎಳೆದಿರಲಿಲ್ಲ.