ಅಣೆಕಟ್ಟಿನ ಬಾಗಿಲೂ ಅತ್ತೆಯ ಮಂಚವೂ

ಅತ್ತೆಯ ಮಂಚದ ಕಾಲು ಮುರಿದದ್ದೇ ಎಲ್ಲಕ್ಕೂ ಮೂಲ.

ಅಣೆಕಟ್ಟಿನ ಪಕ್ಕದಲ್ಲಿ, ಮೀನುಗಳು ಮೇಲಕ್ಕೆ ಹತ್ತಿ ಹೋಗಲೆಂದು ಮೆಟ್ಟಿಲುಮೆಟ್ಟಿಲಾದ ಒಂದು ಕಾಲುವೆ ಕಟ್ಟಿದ್ದರು. ಬೆಳಗಾಗುತ್ತಲೇ ಅದರ ಬಾಗಿಲು ತೆರೆಯುವುದು ಕಾವಲುಗಾರನ ಕೆಲಸ. ಬಾಗಿಲು ತಿರುಗಿಸುವ ಕಬ್ಬಿಣದ ಹಿಡಿಕೆ, ಮಂಚದ ಮುರಿದ ಕಾಲಿನ ಜಾಗಕ್ಕೆ ಹೇಳಿ ಮಾಡಿಸಿದಂತಿತ್ತು. ಒಂದು ರಾತ್ರಿಯ ಮಟ್ಟಿಗೆ ತಾನೇ ಎಂದು ಮನೆಗೆ ತಂದು ಕೊಟ್ಟುಬಿಟ್ಟ.

ಬೆಳಗ್ಗೆ ನೋಡಿದರೆ ಅತ್ತೆಗೆ ಗಾಢ ನಿದ್ದೆ. ಗೊರಕೆ ಹಳೇ ಪಂಪ್‌ಸೆಟ್ಟಿನ ಹಾಗೆ ನಡೆದಿತ್ತು.

"ನಿಮ್ಮಮ್ಮನ್ನ ಸ್ವಲ್ಪ ಎಬ್ಬಿಸೇ," ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ.

"ಧೈರ್ಯ ಇದ್ರೆ ನೀವೇ ಎಬ್ಬಿಸಿ."

ಧೈರ್ಯ ಇರಲಿಲ್ಲ. ಬರಿಗೈಯಲ್ಲೇ ಅಣೆಕಟ್ಟಿಗೆ ಓಡಿದ. ಬಾಗಿಲ ಕೆಳಗಿನ ಮಡುವಿಗೆ ಬಗ್ಗಿ ನೋಡಿದ. ಹಾವುಮೀನುಗಳು! ನದಿಯಲ್ಲಿ ಅಳಿದೇ ಹೋಯಿತೆಂದು ಎಲ್ಲರೂ ಹೇಳುತ್ತಿದ್ದ ಜಾತಿ, ತೊಯ್ದ ಹಗ್ಗದ ರಾಶಿಯ ಹಾಗೆ ಹೊರಳಾಡುತ್ತಿತ್ತು. ಪಾಪ, ಮುಚ್ಚಿದ ಬಾಗಿಲ ಮುಂದೆ ಎಷ್ಟು ಹೊತ್ತಿನಿಂದ ಕಾಯುತ್ತಿವೆಯೋ!

ಕಾವಲುಗಾರನಿಗೆ ಅಳುವೇ ಬಂತು. ಬಕೆಟ್ ತಂದು ನೀರಿಗಿಳಿದ. ಹಿಡಿದದ್ದಕ್ಕಿಂತ ಜಾರಿದ್ದೇ ಹೆಚ್ಚು.

"ಏನಯ್ಯಾ, ಕಾಯೋನೇ ಕದೀತಿದೀಯಲ್ಲ!" ವಾಕಿಂಗ್ ಬಂದಿದ್ದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ದಂಡೆಯ ಮೇಲಿಂದ ಗದರಿದರು.

"ಅಯ್ಯೋ, ಇಲ್ಲ ಸಾರ್! ಬಾಗಿಲು ತುಕ್ಕು ಹಿಡಿದು ಕೂತ್ಬಿಟ್ಟಿದೆ. ಇವನ್ನ ಮೇಲಕ್ಕೆ ಬಿಡೋಣ ಅಂತ..."

ಮೇಷ್ಟ್ರ ಕಣ್ಣು ಒದ್ದೆಯಾಯಿತು. ಗಳಿಗೆಯಲ್ಲಿ ಇಡೀ ಬೀದಿಯನ್ನೇ ಎಬ್ಬಿಸಿಕೊಂಡು ಬಂದರು. ಕೊಡ, ತಪ್ಪಲೆ, ಮಗುವಿನ ಸ್ನಾನದ ತೊಟ್ಟಿ, ಎಲ್ಲವೂ ಬಂದವು. ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತ, ಮೀನುಗಳನ್ನೆಲ್ಲ ಅಣೆಕಟ್ಟಿನ ಮೇಲಿನ ನೀರಿಗೆ ಬಿಟ್ಟರು.

"ಇಂಥ ಮನುಷ್ಯ ನಮ್ಮ ಪಕ್ಕದಲ್ಲೇ ಇದ್ದ, ನಮಗೇ ಗೊತ್ತಿರ್ಲಿಲ್ಲ ನೋಡಿ," ಎಂದು ಮೇಷ್ಟ್ರು ಬೆನ್ನು ತಟ್ಟಿದರು. ಒಂದೊಂದು ತಟ್ಟಿಗೂ ಕಾವಲುಗಾರ ಒಂದೊಂದು ಅಂಗುಲ ಕುಗ್ಗಿದ.

ಅಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಹಿಡಿಕೆ.

"ಅಳಿಯಂದ್ರೇ, ಬಾಗಿಲು ತೆಗೆಯೋ ಹಿಡಿಕೇನ ನನ್ನ ಮಂಚಕ್ಕೆ ಕೊಟ್ಟು ಬಂದಿದೀರಲ್ಲ! ಮಗಳು ಹೇಳಿದ್ಲು."

ಬೀದಿಯೆಲ್ಲ ಹಿಡಿಕೆಯನ್ನು ನೋಡಿತು, ಆಮೇಲೆ ಅವನನ್ನು. ಮಡುವಿಗೆ ಹಾರಿಬಿಡೋಣವೆಂದರೆ ನೀರು ಮೊಣಕಾಲಿನವರೆಗೆ ಮಾತ್ರ ಇತ್ತು.

ಆಗಲೇ ಜೀಪು ಬಂತು. ಇಳಿದವಳು ಮೀನುಗಳ ಸಂಶೋಧಕಿ.

"ಈ ಮಡುವಿನಲ್ಲಿದ್ದ ಹಾವುಮೀನು ಎಲ್ಲಿ?"

"ಎಲ್ಲಾ ಮೇಲಕ್ಕೆ ಸಾಗಿಸಿಬಿಟ್ವಿ, ಮೇಡಂ," ಮೇಷ್ಟ್ರು ಎದೆಯುಬ್ಬಿಸಿದರು. "ಒಂದನ್ನೂ ಬಿಟ್ಟಿಲ್ಲ!"

ಅವಳು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು.

"ಮೊಟ್ಟೆ ಇಡೋಕೆ ಸಮುದ್ರಕ್ಕೆ ಹೋಗೋ ಮೀನು ಕಣ್ರೀ ಅವು! ಅಣೆಕಟ್ಟಿನ ಕರೆಂಟ್ ಯಂತ್ರಕ್ಕೆ ಸಿಕ್ಕಿ ಸಾಯದೇ ಇರ್ಲಿ ಅಂತ ಮಳೆಗಾಲ ಪೂರ್ತಿ ಮೇಲ್ಗಡೆ ಬಲೆ ಹಾಕಿ ಹಿಡಿದು, ಇವತ್ತು ಬೆಳಗಿನ ಜಾವ ತಾನೇ ಕೆಳಗೆ ತಂದು ಬಿಟ್ಟಿದ್ವಿ. ಸುಧಾರಿಸ್ಕೊಂಡು ಹೋಗ್ಲಿ ಅಂತ..."

ಜನ ಮೆಲ್ಲಗೆ ಕೊಡಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

"ಯಾರ್ರೀ ಇದನ್ನ ಶುರು ಮಾಡಿದ್ದು?"

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಅತ್ತೆಗೆ ತಡೆಯಲಾಗಲಿಲ್ಲ. ಮದುವೆಯಾದಾಗಿನಿಂದ ಮೊದಲ ಸಲ ಅಳಿಯನ ಪರವಾಗಿ ಮುಂದೆ ಬಂದರು.

"ನಮ್ಮ ಅಳಿಯಂದ್ರ ಮೇಲೆ ಅಪವಾದ ಹೊರಿಸ್ಬೇಡಿ! ಅವರು ತಾವಾಗೇ ಯಾವ ಕೆಲಸಾನೂ ಶುರು ಮಾಡೋರೇ ಅಲ್ಲ!"

ಕಾವಲುಗಾರ ತಗ್ಗಿಸಿದ ತಲೆ ಎತ್ತಲಿಲ್ಲ. ಕೈಯನ್ನು ಮಾತ್ರ ನಿಧಾನವಾಗಿ ಮೇಲೆತ್ತಿದ.