ನಾಲ್ಕನೇ ತರಗತಿಯ ಶಾಂತಿಮಿತ್ರರಿಗೆ, ಜೋರು ಬಾಯಿಯ ಲೈನಿನವರಿಂದ

ಮಾನ್ಯ ಶಾಂತಿಮಿತ್ರ ಯಂತ್ರ ಮಹೋದಯರೇ,

ನಮ್ಮ ಸರ್ಕಾರಿ ಶಾಲೆಯ ನಾಲ್ಕನೇ ತರಗತಿಯಲ್ಲಿ, ಕರಿಹಲಗೆಯ ನೆತ್ತಿಯ ಮೇಲೆ, ದೇಶನಾಯಕರ ಪಟಗಳಿಗಿಂತ ಒಂದು ಗೇಣು ಎತ್ತರದಲ್ಲಿ ವಿರಾಜಮಾನರಾಗಿ, ಮಕ್ಕಳ ಬಾಯಿಂದ ಹೊರಡುವ ಸದ್ದನ್ನೆಲ್ಲ ಅಳೆದು, ಮೆಲ್ಲಗಿದ್ದರೆ ಹಸಿರು ಮುಖ ಮಾಡಿ ನಕ್ಕು, ಕೊಂಚ ಏರಿದರೆ ಹಳದಿಯಾಗಿ ತುಟಿ ಬಿಗಿದು, ಜೋರಾದರೆ ಕೆಂಪಗೆ ಮುನಿದು, “ಮಕ್ಕಳೇ, ಒಳದನಿಯಲ್ಲಿ ಮಾತಾಡೋಣ” ಎಂದು ಜೇನು ಸವರಿದ ಹೆಣ್ಣುದನಿಯಲ್ಲಿ ಬುದ್ಧಿ ಹೇಳುವ ತಮಗೆ, ನಂದಿದುರ್ಗದ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನ ನಿವಾಸಿಯೂ, ಅರ್ಚನ ಎಂಬ ವಿದ್ಯಾರ್ಥಿನಿಯ ತಾಯಿಯೂ, ಶಾಲಾಭಿವೃದ್ಧಿ ಸಮಿತಿಯವರಿಗೆ ಸಹಿ ಬೇಕಾದಾಗ ಮಾತ್ರ ನೆನಪಾಗುವ ಸದಸ್ಯೆಯೂ ಆದ ಮುನಿಲಕ್ಷ್ಮಿ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕರೆಂಟು ಹೋದಾಗ ಫ್ಯಾನು ನಿಲ್ಲುತ್ತದೆ, ದೀಪ ಆರುತ್ತದೆ, ತಮ್ಮ ಹೊಟ್ಟೆಯೊಳಗಿನ ಬ್ಯಾಟರಿಯ ದೆಸೆಯಿಂದ ತಮ್ಮ ಮುನಿಸು ಮಾತ್ರ ಆರುವುದಿಲ್ಲವೆಂದು ಕೇಳಿ ಸಮಾಧಾನವಾಯಿತು.

ಪತ್ರದ ಒಕ್ಕಣೆ ಉದ್ದವಾದರೆ ಮನ್ನಿಸಬೇಕು. ಗಣಿ ಮುಚ್ಚಿದಂದಿನಿಂದ ನಮ್ಮ ಲೈನಿನವರು ನಲ್ಲಿಗೆ, ಚರಂಡಿಗೆ, ವಾಸದ ಮನೆಯ ಹಕ್ಕಿಗೆ ಅರ್ಜಿ ಬರೆದು ಬರೆದು, ಈಗ ‘ಮಾನ್ಯರೇ’ ಎನ್ನದೆ ಹಾಲಿಗೆ ಬಾಯಿ ಹಾಕಿದ ಬೆಕ್ಕನ್ನೂ ಓಡಿಸಲಾರದ ಸ್ಥಿತಿಗೆ ಬಂದಿದ್ದೇವೆ. ನಾನು ಬೆಳಿಗ್ಗೆ ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೊಲಿಗೆ ಕೆಲಸಕ್ಕೆ ಹೋಗುವವಳು. ಕೂರಲು ಜಾಗ ಸಿಕ್ಕ ದಿನಗಳಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಅಕ್ಷರ ಅಲ್ಲಲ್ಲಿ ಕುಣಿದಿದ್ದರೆ ಅದು ರೈಲಿನ ತಪ್ಪು, ಸಿಟ್ಟಿನದಲ್ಲ.

ತಾವು ನಮ್ಮ ಶಾಲೆಗೆ ಚಿತ್ತೈಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಮಕ್ಕಳ ಕಲಿಕೆಗೆ ತರಗತಿಯಲ್ಲಿ ಸಕಾರಾತ್ಮಕ ವಾತಾವರಣ ಬೇಕೆಂದು ಎಲ್ಲಿಯೋ ಕೂತು ಯೋಚಿಸಿದ ಒಂದು ಟ್ರಸ್ಟಿನವರು ತಮ್ಮನ್ನು ದಾನ ಮಾಡಿದ್ದರು. ಹೆಡ್‌ಮಾಸ್ಟರ್ ಶ್ರೀನಿವಾಸಪ್ಪನವರು ತಮಗೆ ಕುಂಕುಮವಿಟ್ಟು, ಹೂ ಮುಡಿಸಿ, ಎದುರಿಗೆ ತೆಂಗಿನಕಾಯಿ ಒಡೆದ ಕೂಡಲೇ ತಾವು ಕೆಂಡದಂತಾಗಿ, ಒಳದನಿಯಲ್ಲಿ ಒಡೆಯುವಂತೆ ಕಾಯಿಗೆ ತಿಳಿವಳಿಕೆ ಹೇಳಿದಿರಿ. ಆಮೇಲೆ ಟ್ರಸ್ಟಿನವರು ಮೈಕು ಹಿಡಿದು ಮೌನದ ಮಹಿಮೆಯನ್ನು ಕುರಿತು ಮಾತಾಡಿದಷ್ಟು ಹೊತ್ತೂ ತಾವು ಕೆಂಪಗೇ ಇದ್ದಿರಿ. ದೊಡ್ಡವರು ಚಿಕ್ಕವರೆಂಬ ಭೇದವಿಲ್ಲದ ಅಂಥ ನ್ಯಾಯವನ್ನು ನಮ್ಮ ಕಡೆ ಯಾವ ಕಚೇರಿಯಲ್ಲೂ ಕಂಡವರಿಲ್ಲ. ಹೆಡ್‌ಮಾಸ್ಟರು ಬೆವೆತು, ಅತಿಥಿಗಳಿಗೆಂದು ತಂದಿದ್ದ ಶಾಲನ್ನು ತಮ್ಮ ಮುಖದ ಮೇಲೆ ಹೊದಿಸಿದ ಮೇಲೆ ಕಾರ್ಯಕ್ರಮ ಸಾಂಗವಾಗಿ ನಡೆಯಿತು.

ತಮ್ಮ ಉದ್ದೇಶದ ಬಗ್ಗೆ ನನಗೆ ಕಿಂಚಿತ್ತೂ ತಕರಾರಿಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಓದುವಾಗ ನಮ್ಮ ಮೇಷ್ಟರ ಹೊಂಗೆ ಬೆತ್ತವೇ ತರಗತಿಯ ವಾತಾವರಣವಾಗಿತ್ತು. ಮಗ್ಗಿಗಿಂತ ಮೊದಲು ಅಂಗೈ ಮುಚ್ಚಿಕೊಳ್ಳುವುದನ್ನು ಕಲಿತವಳು ನಾನು. ಮಕ್ಕಳ ಮೇಲೆ ಯಾರೂ ಕಿರುಚಬಾರದು, ಮಕ್ಕಳು ಹೆದರಬಾರದು ಎಂದು ಯಾರಾದರೂ ಹೇಳಿದರೆ ಅವರ ಬಾಯಿಗೆ ಸಕ್ಕರೆ ಹಾಕುತ್ತೇನೆ. ಆದರೆ ತಾವು ಬರುವುದಕ್ಕೆ ಮೊದಲೇ ಕಲ್ಪನ ಮಿಸ್ಸು ಆ ಕೆಲಸವನ್ನು ಸದ್ದಿಲ್ಲದೆ, ಅಂದರೆ ಬೇಕಾದಷ್ಟು ಸದ್ದು ಮಾಡಿಕೊಂಡು, ನಡೆಸುತ್ತಿದ್ದರು. ಅವರ ತರಗತಿಯಲ್ಲಿ ಗೊತ್ತಿದ್ದವರು ಒಂದು ಕೈ ಎತ್ತಬೇಕು, ಗೊತ್ತಿಲ್ಲದವರು ಎರಡೂ ಕೈ ಎತ್ತಬೇಕು, ಎರಡು ಕೈ ಎತ್ತಿದವರಿಗೇ ಮೊದಲ ಮರ್ಯಾದೆ. ಮಕ್ಕಳು ತಮಿಳಲ್ಲಿ ಕೇಳಿ, ತೆಲುಗಲ್ಲಿ ಜಗಳವಾಡಿ, ಕನ್ನಡದಲ್ಲಿ ಉತ್ತರ ಬರೆಯುತ್ತಿದ್ದರು. ಸಂತೆಯಂತೆ ಗಲಾಟೆಯಿತ್ತು, ನಿಜ. ಆದರೆ ಹೆದರಿಕೊಂಡ ಮುಖ ಒಂದೂ ಇರಲಿಲ್ಲ.

ಇನ್ನು ನಮ್ಮವರ ದನಿ ಯಾಕೆ ಹೀಗೆಂದು ತಮ್ಮನ್ನು ತಯಾರಿಸಿದವರು ತಮಗೆ ತಿಳಿಸಿದಂತಿಲ್ಲ. ನನ್ನ ಮಾವನವರಾದ ಕೋದಂಡಪ್ಪನವರು ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಬಂದು ನಂದಿದುರ್ಗದ ಗಣಿಗೆ ಇಳಿದವರು. ನೆಲದಡಿಯಲ್ಲಿ ಬಂಡೆ ಕೊರೆಯುವ ಮಿಷನ್ನನ್ನು ಎದೆಗೆ ಅವುಚಿಕೊಂಡು ದುಡಿದ ಅವರ ಕಿವಿ, ಗಣಿ ಮುಚ್ಚುವುದಕ್ಕೆ ಮೊದಲೇ ಮುಚ್ಚತೊಡಗಿತ್ತು. ಅಂಥ ಕಿವಿ ನಮ್ಮ ಲೈನಿನಲ್ಲಿ ಮನೆಗೊಂದು ಇತ್ತು. ಹಾಗಾಗಿ ಇಲ್ಲಿ ಹುಟ್ಟಿದ ಮಗು ಮೊದಲ ಮಾತನ್ನೇ ಎತ್ತರದ ದನಿಯಲ್ಲಿ ಕಲಿಯುತ್ತದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನನ್ನನ್ನು ಬೈದರೆಂದು ಹಿತ್ತಲಿಗೆ ಹೋಗಿ ಅತ್ತಿದ್ದೆ. ಪಾಪ, ಅವರು ವಿಚಾರಿಸಿದ್ದು ಕಾಫಿಗೆ ಸಕ್ಕರೆ ಸಾಕೋ ಬೇಕೋ ಎಂದು. ನಮ್ಮಲ್ಲಿ ಜೋರಾಗಿ ಮಾತಾಡುವುದೆಂದರೆ ಎದುರಿಗಿದ್ದವರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ ಎಂದರ್ಥ.

ಮಾವನವರಿಗೆ ಯಾವುದೋ ಶಿಬಿರದಲ್ಲಿ ಕೊಟ್ಟ ಕಿವಿ ಮಿಷನ್ನು ಸದಾ ಕುಯ್ ಎನ್ನುತ್ತದೆಂದು ಡಬ್ಬಿಯಲ್ಲೇ ಮಲಗಿದೆ. ಅವರಿಗೆ ಚೆನ್ನಾಗಿ ಕೇಳಿಸುತ್ತಿದ್ದುದು ಒಂದೇ ಒಂದು ದನಿ, ಮೊಮ್ಮಗಳದು. ಸಂಜೆಯಾದರೆ ಅರ್ಚನ ಅವರ ಮಂಚದ ಪಕ್ಕ ನಿಂತು ಅಂದಿನ ಪಾಠವನ್ನೆಲ್ಲ ಓದಿ ಹೇಳುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದ ಮುದುಕ ಸೌರಮಂಡಲ, ಸೊಪ್ಪಿನ ವಿಧಗಳು, ಪಂಚಾಯಿತಿಯ ಕರ್ತವ್ಯಗಳು ಎಲ್ಲವನ್ನೂ ಕೇಳಿ, “ಪಂಚಾಯ್ತಿಯೋರು ಇಷ್ಟೆಲ್ಲಾ ಮಾಡ್ತಾರಾ? ಯಾವೂರ್ನಾಗೆ?” ಎಂದು ಪ್ರಶ್ನೆ ಹಾಕುತ್ತಿದ್ದರು. ಲೈನಿನ ಗೋಡೆಗಳ ದಪ್ಪ ತಮಗೆ ಗೊತ್ತಿರಲಾರದು. ಅರ್ಚನ ಓದಿದ ಪಾಠವನ್ನು ಕೇಳಿಯೇ ಪಕ್ಕದ ಮನೆಯ ಗಿರಿ, ಪುಸ್ತಕ ತೆರೆಯದೆ, ಪರೀಕ್ಷೆ ದಾಟುತ್ತಿದ್ದ. ಅವನೂ ತಮ್ಮದೇ ತರಗತಿಯವನು.

ಅಷ್ಟರಲ್ಲಿ ತಾವು ಬಂದಿರಿ. ದಿನವೆಲ್ಲ ಹಸಿರಾಗಿದ್ದ ತರಗತಿಗೆ ಒಂದು ನಕ್ಷತ್ರ, ಹೆಚ್ಚು ನಕ್ಷತ್ರ ಗಳಿಸಿದ ತರಗತಿಗೆ ಪ್ರಶಸ್ತಿಪತ್ರ ಎಂಬ ನಿಯಮವೂ ಬಂತು. ಚಾವಣಿಯ ಶೀಟಿನ ಮೇಲೆ ಮಳೆ ಬಿದ್ದಾಗ ತಾವು ಮಳೆಗೂ ಒಳದನಿಯ ಪಾಠ ಹೇಳಿದಿರಂತೆ, ಅದು ಕೇಳಲಿಲ್ಲವಂತೆ. ಮಳೆಯ ಮೇಲೆ ಯಾರೂ ಸಿಟ್ಟಾಗಲಿಲ್ಲ. ಆದರೆ ಕಲ್ಪನ ಮಿಸ್ಸು ಕೇಳಿದ ಪ್ರಶ್ನೆಗೆ ನನ್ನ ಮಗಳು ಎದ್ದು ನಿಂತು ಸರಿಯಾದ ಉತ್ತರವನ್ನೇ ಕೊಟ್ಟಾಗ ತಾವು ಕೆಂಪಾದಿರಿ. ಮಾರನೆಯ ದಿನವೂ ಆದಿರಿ. ನಕ್ಷತ್ರ ಹೋಯಿತೆಂದು ಮಕ್ಕಳೆಲ್ಲ ಅವಳತ್ತ ತಿರುಗಿದರು. ಅವಳ ಪಾಠ ಕೇಳಿ ಪಾಸಾಗುತ್ತಿದ್ದ ಗಿರಿಯೇ, “ಏಯ್, ಬಾಯ್ಮುಚ್ಕೊಂಡು ಕೂತ್ಕೊಳೇ, ನಿನ್ನಿಂದ್ಲೇ ಎಲ್ಲಾ ಓಗಿದ್ದು” ಎಂದನಂತೆ. ಯಾರೂ ಹೊಡೆಯಲಿಲ್ಲ, ಯಾರೂ ಕಿರುಚಲಿಲ್ಲ. ಎಲ್ಲವೂ ಒಳದನಿಯಲ್ಲೇ ನಡೆಯಿತು, ಅವಳನ್ನು ಕೊನೆಯ ಬೆಂಚಿಗೆ ಸರಿಸಿದ್ದೂ ಸೇರಿ.

ಆಮೇಲಿನ ತಮ್ಮ ಸಾಧನೆಯನ್ನು ಹೊಗಳಲು ನನ್ನ ಹತ್ತಿರ ಪದಗಳಿಲ್ಲ. ಅರ್ಚನ ಕೈ ಎತ್ತುವುದನ್ನು ಬಿಟ್ಟಳು. ಅವಳನ್ನು ನೋಡಿ, ದನಿ ಏರೀತೆಂದು ಉಳಿದವರೂ ಬಿಟ್ಟರು. ಗೊತ್ತಿಲ್ಲ ಎಂದು ಎರಡು ಕೈ ಎತ್ತುವವರಂತೂ ಕಾಣೆಯಾದರು. ಮಿಸ್ಸು ಕೇಳಿದರು, ಮಕ್ಕಳು ತಮ್ಮ ಮುಖ ನೋಡಿದರು, ತಾವು ಹಸಿರಾಗಿ ನಕ್ಕಿರಿ. ಹೀಗೆ ತಿಂಗಳು ತುಂಬುವುದರೊಳಗೆ ನಾಲ್ಕನೇ ತರಗತಿಗೆ ‘ಅತ್ಯಂತ ಸಕಾರಾತ್ಮಕ ತರಗತಿ’ ಎಂಬ ಬಿರುದು ಬಂತು. ಫೋಟೋದಲ್ಲಿ ಮಕ್ಕಳೆಲ್ಲ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಾರೆ, ಮಿಸ್ಸಿನ ಮುಖ ಮಾತ್ರ ಸಪ್ಪಗಿದೆ. ಕಲಿತದ್ದೇನು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರ ಹೇಳುವ ಧೈರ್ಯ ಯಾವ ಮಗುವಿಗೂ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನೂ ನಾಲ್ಕು ಜನರಂತೆ ಚಪ್ಪಾಳೆ ತಟ್ಟಿ ಸುಮ್ಮನಿರುತ್ತಿದ್ದೆ. ಆದರೆ ತಮ್ಮ ವಿದ್ಯೆ ಮಗಳ ಜೊತೆ ಮನೆಗೂ ಬಂತು. ಒಂದು ಸಂಜೆ ಎದುರು ಮನೆಯ ತಮಿಳಿನ ಕನಕಮ್ಮ, “ಎನ್ನಮ್ಮಾ ಮುನಿಲಕ್ಷ್ಮಿ, ನಿಮ್ಮ ರೇಡಿಯೋ ಕೆಟ್ಟೋಯ್ತಾ? ಸದ್ದೇ ಇಲ್ಲ” ಎಂದು ಕೇಳಿದಾಗಲೇ ನನಗೆ ಹೊಳೆದದ್ದು. ಭಾನುವಾರ ಮನೆಯಲ್ಲಿದ್ದು ನೋಡಿದೆ. ಅರ್ಚನ ಎಂದಿನಂತೆ ಮಂಚದ ಪಕ್ಕ ನಿಂತು, ಎಂದೂ ಇಲ್ಲದ ಪಿಸುದನಿಯಲ್ಲಿ ಪಾಠ ಓದುತ್ತಿದ್ದಳು. “ಸೂರ್ಯ ಯಾವ ಕಡೆ ಮುಳುಗ್ತಾನೆ ತಾತಾ?” ಎಂದು ಕೇಳಿದಳು. ಮಾವನವರು ಅವಳ ತುಟಿಯನ್ನೇ ನೋಡುತ್ತಾ ತಲೆಯಾಡಿಸಿ, “ಊಂ ಪಾಪಾ, ಬೋ ಚೆನ್ನಾಗೈತೆ” ಎಂದರು.

ಅವಳು ಆಚೆ ಹೋದ ಮೇಲೆ ಅವರ ಕಿವಿಗೆ ಬಾಯಿ ಹಚ್ಚಿ ಕೇಳಿದೆ. “ಇದ್ದಬದ್ದ ಕಿವಿನೂ ಓಗ್ಬಿಡ್ತು ಕಣಮ್ಮಾ. ಮಗು ಬಾಯಿ ಆಡೋದು ಕಾಣ್ತೈತೆ, ಮಾತು ಕೇಳ್ತಾ ಇಲ್ಲ. ಅವ್ಳಿಗೆ ಏಳ್ಬೇಡ, ನೊಂದ್ಕೊಂಬ್ತಾಳೆ” ಎಂದರು. ಗಣಿಯೇ ಮುಗಿಸಲಾಗದೆ ಉಳಿಸಿದ್ದ ಕಿವಿ ಈಗ ತಾನಾಗಿ ಸತ್ತುಹೋಯಿತೆಂದು ನಂಬಿ, ಆ ಮನುಷ್ಯ ಒಬ್ಬರೇ ಕೂತು ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಳ್ಳುತ್ತಿದ್ದರು. ಮಗಳನ್ನು ಕರೆದು, ಯಾಕೇ ಹೀಗೆ ಓದುತ್ತೀಯಾ ಎಂದರೆ, “ಜೋರಾಗಿ ಮಾತಾಡೋರು ಕೆಟ್ಟೋರು ಅಮ್ಮಾ, ಎಲ್ರಿಗೂ ಬೇಜಾರಾಗುತ್ತೆ. ತಾತಂಗೂ ಬೇಜಾರಾದ್ರೆ?” ಎಂದಳು. ತಾತನಿಗೆ ಕೇಳಿಸುತ್ತಿಲ್ಲವೆಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮ ಘನತೆಗೆ ಕುಂದು ಬಾರದಂತೆ ಕೆಲವು ಕೋರಿಕೆಗಳನ್ನು ಪಾದಕ್ಕೆ ಒಪ್ಪಿಸುತ್ತೇನೆ. ಇಷ್ಟೆಲ್ಲ ಸೂಕ್ಷ್ಮ ಬಲ್ಲ ತಾವು ಅಳುವಿಗೂ ಉತ್ಸಾಹಕ್ಕೂ, ಗದರಿಕೆಗೂ ಪಾಠಕ್ಕೂ ಇರುವ ವ್ಯತ್ಯಾಸವನ್ನು ಒಂದು ವಾರದ ರಜೆ ಹಾಕಿ ಕಲಿತು ಬರಬೇಕು. ಹೆದರಿ ಸುಮ್ಮನಾದ ಮಗುವನ್ನು ಕಂಡಾಗ ಮುಖ ತೋರಿಸಲು ತಮ್ಮೊಳಗೆ ಇನ್ನೊಂದು ಬಣ್ಣವನ್ನು ಹಚ್ಚಿಸಿಕೊಳ್ಳಬೇಕು. ಅದಾಗದಿದ್ದರೆ ಬಂಗಾರಪೇಟೆ ಬಸ್‌ಸ್ಟ್ಯಾಂಡಿಗೆ ವರ್ಗ ಮಾಡಿಸಿಕೊಂಡು, ಕಂಡಕ್ಟರುಗಳಿಗೆ ಒಳದನಿಯಲ್ಲಿ ಊರುಗಳ ಹೆಸರು ಕೂಗಲು ತರಬೇತಿ ಕೊಡಬೇಕು. ಜನ ಬಸ್ಸು ತಪ್ಪಿಸಿಕೊಂಡು ನೆಮ್ಮದಿಯಾಗಿ ಮನೆಯಲ್ಲಿರುತ್ತಾರೆ. ಟಿ.ವಿ. ಚರ್ಚೆ ನಡೆಸುವವರೂ ತಮ್ಮ ದಾರಿ ಕಾಯುತ್ತಿದ್ದಾರೆ. ಇದ್ಯಾವುದೂ ಬೇಡವೆಂದರೆ, ಒಂದು ಹಿಂದಿನ ತಾರೀಕಿಗೆ ಹೋಗಿ, ಭೂಮಿಯ ಹೊಟ್ಟೆಯಲ್ಲಿ ನನ್ನ ಮಾವನ ಎದೆಯ ಮೇಲೆ ಅದುರುತ್ತಿದ್ದ ಆ ಮಿಷನ್ನಿನ ಮುಂದೆ ನಿಂತು ಕೆಂಪಾಗಬೇಕು. ಅಂದು ಕೆಂಪಾಗುವವರು ಯಾರೂ ಇರಲಿಲ್ಲ.

ಇದನ್ನೆಲ್ಲ ಕಲ್ಪನ ಮಿಸ್ಸಿಗೂ ತಿಳಿಸಿದೆ. ಅವರು, “ಸ್ವಿಚ್ಚು ನನ್ನ ಕೈಲಿಲ್ಲ ಅಕ್ಕಾ, ಬೆಂಚು ನನ್ನ ಕೈಲಿದೆ. ಶನಿವಾರ ತಾತನ್ನ ಕರ್ಕೊಂಡು ಬನ್ನಿ” ಎಂದರು. ಅಂದು ಕೋದಂಡಪ್ಪನವರು ತಮ್ಮ ಎದುರು ಕೊನೆಯ ಬೆಂಚಿನಲ್ಲಿ ಆಸೀನರಾಗುತ್ತಾರೆ. ಯಾವ ಮಗು ಓದಿದರೂ ಅಲ್ಲಿಯವರೆಗೆ ಮುಟ್ಟುವಂತೆ ಓದಬೇಕೆಂಬುದು ಮಿಸ್ಸಿನ ಹೊಸ ನಿಯಮ. ನಕ್ಷತ್ರಗಳೆಲ್ಲ ಹೋಗಬಹುದು, ಪ್ರಶಸ್ತಿಪತ್ರವನ್ನು ಟ್ರಸ್ಟಿನವರು ವಾಪಸು ಒಯ್ಯಬಹುದು. ಅದಕ್ಕೆ ಸಮಿತಿಯ ಸಹಿ ಬೇಕಾದರೆ ನಾನು ಸಂತೋಷದಿಂದ ಹಾಕುತ್ತೇನೆ.

ಇಷ್ಟು ಬರೆಸಿಕೊಂಡ ತಮ್ಮ ತಾಳ್ಮೆಗೆ ಕೈಮುಗಿದು, ಯಾವ ಬಣ್ಣದಲ್ಲಿದ್ದರೂ ತಮ್ಮ ಕ್ಷೇಮವನ್ನೇ ಬಯಸುವ,

ತಮ್ಮ ವಿಶ್ವಾಸಿ,
ಮುನಿಲಕ್ಷ್ಮಿ
ನಂದಿದುರ್ಗ ಲೈನು, ಕೆ.ಜಿ.ಎಫ್.

ತಾ.ಕ.: ತಮಗೆ ಮೂರು ಮುಖಗಳಿದ್ದರೂ ಓದಲು ಕಣ್ಣಿಲ್ಲವೆಂಬುದು ಸಹಿ ಹಾಕಿದ ಮೇಲೆ ನೆನಪಾಯಿತು. ಆದ್ದರಿಂದ ಈ ಪತ್ರವನ್ನು ಶನಿವಾರ ತಮ್ಮ ಮುಂದೆ ಓದಲು ಅರ್ಚನಳಿಗೆ ವಹಿಸಿ, ನಿನ್ನೆ ಸಂಜೆ ಮನೆಯಲ್ಲೇ ಒಮ್ಮೆ ಓದಿಸಿ ನೋಡಿದೆ. ಶುರುವಿನಲ್ಲಿ ತಮಗೆ ಒಪ್ಪುವಂತೆ ಪಿಸುಗುಟ್ಟುತ್ತಲೇ ಇದ್ದಳು. ತಾತನಿಗೆ ಮಾತು ಕೇಳುತ್ತಿಲ್ಲವೆಂಬ ಸಾಲು ಬಂದಾಗ ನಿಂತುಬಿಟ್ಟಳು, ನನ್ನ ಮುಖ ನೋಡಿದಳು, ಕಣ್ಣು ಒರೆಸಿಕೊಂಡಳು. ಆಮೇಲೆ ಮಂಚದ ಕಡೆ ತಿರುಗಿ, ಮೊದಲ ‘ಮಾನ್ಯ’ದಿಂದ ಹಿಡಿದು ಮತ್ತೆ ಶುರು ಮಾಡಿದಳು ನೋಡಿ, ಕನಕಮ್ಮ ಎದುರು ಮನೆಯಿಂದ ಓಡಿ ಬಂದರು. ಮಾವನವರು ಎದ್ದು ಕೂತು, ಎರಡೂ ಕಿವಿ ಮುಟ್ಟಿ ನೋಡಿಕೊಂಡು, “ಯಾರ್ಗೆ ಪಾಪಾ ಅಂಗೆ ಬೈತಾ ಇದ್ದೀಯಾ? ಬೈಯಿ ಬೈಯಿ, ನಿಲ್ಲಿಸ್ಬೇಡ, ಕೇಳಿಸ್ತಾ ಐತೆ” ಎಂದರು.