ಸ್ಟೋರ್‌ಕೀಪರನ ಬಲಗೈ

'ಎಚ್ಚರಿಕೆ! ನೆಲ ಒದ್ದೆಯಾಗಿದೆ' ಎಂಬ ಹಳದಿ ಬೋರ್ಡಿಗೆ ಎಡವಿ ಸ್ಟೋರ್‌ಕೀಪರ್ ಬಿದ್ದ. ನೆಲ ಒಣಗಿ ವಾರವಾಗಿತ್ತು. ನೆಲ ಒದ್ದೆಯಾದಾಗ ಬೋರ್ಡು ಇಡುವುದು ಯಾರ ಕೆಲಸ ಎನ್ನುವುದು ಆ ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಣಗಿದ ಮೇಲೆ ತೆಗೆಯುವುದು ಯಾರ ಕೆಲಸ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅದು ಹೊರಡುವುದನ್ನೇ ಮರೆತ ನೆಂಟನ ಹಾಗೆ ಗೋದಾಮಿನ ಬಾಗಿಲಲ್ಲೇ ಠಿಕಾಣಿ ಹೂಡಿತ್ತು.

ಬಿದ್ದವನ ಬಲಗೈ ಮೈಯಡಿ ಸಿಕ್ಕಿ ಲಟಕ್ಕೆಂದಿತು. "ಅಯ್ಯಯ್ಯೋ!" ಎಂದು ಅವನು ಕೂಗಿದ ಕೂಗಿಗೆ ಮೊದಲು ಓಡಿ ಬಂದವಳು ಪ್ಯಾಕಿಂಗ್ ವಿಭಾಗದ ಅಕ್ಕ. ಬಂದವಳು ಎತ್ತಲಿಲ್ಲ, ಅವನ ಬಾಯಿ ಮುಚ್ಚಿದಳು.

"ಶ್! ಸ್ವಲ್ಪ ಮೆಲ್ಲಗೆ ಬೀಳೋಕಾಗಲ್ವೇನೋ? ಇವತ್ತು ಯಾವ ದಿನ ಅಂತ ಗೊತ್ತಿದೆ ತಾನೇ?"

"ಅಕ್ಕಾ, ಕೈ..."

"ಕೈ ಎಲ್ಲೂ ಓಡಿಹೋಗಲ್ಲ, ಆಮೇಲೆ ನೋಡೋಣ. ಮೊದಲು ಏಳು, ಯಾರಾದ್ರೂ ನೋಡಿಬಿಟ್ಟಾರು!"

ದಿನ ಎಂಥದ್ದೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಒಂದು ವರ್ಷ ಪೂರ್ತಿ ಒಂದೂ ಅಪಘಾತವಿಲ್ಲದೆ ಕಳೆದರೆ ಎಲ್ಲರಿಗೂ ಸಂಬಳದ ಸಮೇತ ಒಂದು ವಾರ ರಜೆ ಎಂದು ಹೆಡ್ಡಾಫೀಸು ಮಾತು ಕೊಟ್ಟಿತ್ತು. ಆ ವರ್ಷ ಇವತ್ತಿಗೆ ತುಂಬುತ್ತಿತ್ತು. ಕೆಲಸದ ಜಾಗದ ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆಯೊಂದರಿಂದ ಮಧ್ಯಾಹ್ನ ಒಂದು ತಂಡ ಬರಲಿತ್ತು. ಅವರು ಹೂಂ ಎಂದರೆ ರಜೆ, ಊಹೂಂ ಎಂದರೆ ಇಲ್ಲ. ರಜೆ ಸಿಗುವ ಮೊದಲೇ ಎಲ್ಲರೂ ಅದನ್ನು ಮನಸ್ಸಿನಲ್ಲೇ ಖರ್ಚು ಮಾಡಿಯಾಗಿತ್ತು. ಅಕ್ಕ ಮಗಳ ಬಾಣಂತನಕ್ಕೆ ಹೊರಟಿದ್ದಳು. ಮ್ಯಾನೇಜರು ಹಲ್ಲು ಕಟ್ಟಿಸಿಕೊಳ್ಳುವವರಿದ್ದರು. ಸ್ಟೋರ್‌ಕೀಪರ್ ತಾನಾಗಿ ಏನೂ ಯೋಚಿಸಿರಲಿಲ್ಲ. ಅವನ ಪರವಾಗಿ ಹೆಂಡತಿ ಯೋಚಿಸಿದ್ದಳು. ಸಮುದ್ರ ನೋಡಬೇಕು ಎಂದು ಅವಳು ಹಟ ಹಿಡಿದಿದ್ದಳು.

ಅಷ್ಟರಲ್ಲಿ ಸೇಫ್ಟಿ ಆಫೀಸರು ಏದುಸಿರು ಬಿಡುತ್ತ ಬಂದರು. ಬಂದವರೇ ಬಗ್ಗಿ, ತಿರುಗಿಸಿ ಮುರುಗಿಸಿ ಪರೀಕ್ಷೆ ಮಾಡಿದರು, ಬೋರ್ಡನ್ನು.

"ಸದ್ಯ, ಏನೂ ಆಗಿಲ್ಲ," ಎಂದು ನಿಟ್ಟುಸಿರು ಬಿಟ್ಟರು.

"ಸಾರ್, ಇದಕ್ಕೇ ಎಡವಿ ಬಿದ್ದೆ."

"ಅದು ಹೇಗ್ರೀ ಸಾಧ್ಯ? ಇದು ಬೀಳಬೇಡಿ ಅಂತ ಇಟ್ಟಿರೋ ಬೋರ್ಡು!"

"ನೆಲ ಒದ್ದೆ ಇಲ್ವಲ್ಲ ಸಾರ್, ಮತ್ತೆ ಯಾಕೆ ಇಟ್ಟಿದ್ದೀರಿ?"

"ಅಂದ್ರೆ ಒಣ ನೆಲದ ಮೇಲೆ ಬಿದ್ರಾ? ಒಣ ನೆಲದ ಮೇಲೆ ಬಿದ್ರೆ ಅದು ನಿಮ್ಮ ತಪ್ಪು. ಒದ್ದೆ ನೆಲದ ಮೇಲೆ ಬಿದ್ರೆ, ಬೋರ್ಡು ಇತ್ತು, ಆಗಲೂ ನಿಮ್ಮ ತಪ್ಪೇ."

ಸ್ಟೋರ್‌ಕೀಪರ್ ಎಡಗೈ ಊರಿ ಎದ್ದು ಕೂತ. ಮಣಿಕಟ್ಟು ಆಗಲೇ ಬದನೆಕಾಯಿಯಂತೆ ಊದತೊಡಗಿತ್ತು. "ಪ್ರಥಮ ಚಿಕಿತ್ಸೆ ಪೆಟ್ಟಿಗೆಯಾದ್ರೂ ತೆಗೀರಿ ಸಾರ್, ಒಂದು ಬಟ್ಟೆ ಕಟ್ಕೋತೀನಿ," ಎಂದ.

ಇಬ್ಬರೂ ಅವನನ್ನು ಹುಚ್ಚನನ್ನು ನೋಡಿದಂತೆ ನೋಡಿದರು. ಆ ಪೆಟ್ಟಿಗೆಗೆ ವರ್ಷದ ಹಿಂದೆ ಮ್ಯಾನೇಜರು ಸ್ವಂತ ಕೈಯಿಂದ ಕಾಗದ ಅಂಟಿಸಿ ಮೊಹರು ಹಾಕಿದ್ದರು. ಮೊಹರು ಒಡೆಯದೆ ಉಳಿದಿರುವುದೇ ಕಾರ್ಖಾನೆಯ ಹೆಮ್ಮೆ. ಬಂದವರಿಗೆಲ್ಲ ಮೊದಲು ತೋರಿಸುತ್ತಿದ್ದುದು ಅದನ್ನೇ. ಬೆರಳು ಕೊಯ್ದುಕೊಂಡವರು ಬೆರಳನ್ನು ಬಾಯಲ್ಲಿಟ್ಟುಕೊಂಡು ಅದರ ಮುಂದೆ ಓಡಾಡುವುದು ಇಲ್ಲಿ ರೂಢಿಯಾಗಿತ್ತು.

ಕೊನೆಗೆ ಅಕ್ಕನೇ ತನಗೆ ಬರುವ ವಿದ್ಯೆಯಿಂದ ಚಿಕಿತ್ಸೆ ಮಾಡಿದಳು. ಮಣಿಕಟ್ಟಿಗೆ ಎರಡು ಕಡೆ ರಟ್ಟಿನ ತುಂಡು ಇಟ್ಟು, ಕಂದು ಬಣ್ಣದ ಪ್ಯಾಕಿಂಗ್ ಟೇಪನ್ನು ಪರ್ ಪರ್ ಎಂದು ಎಳೆದು ಸುತ್ತಿ, ಹಲ್ಲಿನಿಂದ ಕಚ್ಚಿ ಕತ್ತರಿಸಿದಳು. ರಟ್ಟಿನ ಮೇಲೆ 'ಒಡೆಯುವ ವಸ್ತು, ಜೋಪಾನ' ಎಂದು ಅಚ್ಚಾಗಿತ್ತು. ಅದು ಕಾಣದಂತೆ ಎಲ್ಲಕ್ಕಿಂತ ದೊಡ್ಡ ಗ್ಲೌಸ್ ಹುಡುಕಿ ತೊಡಿಸಿದರು.

"ಆಸ್ಪತ್ರೆಗೆ ಹೋಗ್ಬೇಕು ಸಾರ್," ಎಂದು ಅವನು ಮ್ಯಾನೇಜರ ಮುಂದೆ ಗೋಗರೆದ.

"ಹೋಗಿ, ಧಾರಾಳವಾಗಿ ಹೋಗಿ. ಸಂಜೆ, ಅವರು ಹೊರಟ ಮೇಲೆ."

"ಕೆಲಸದಲ್ಲಿ ಆದ ಗಾಯಕ್ಕೆ ಕಂಪನಿಯೇ ಚಿಕಿತ್ಸೆ ಕೊಡಿಸಿ ರಜೆ ಕೊಡ್ಬೇಕಲ್ವಾ ಸಾರ್?"

"ಆದ ಗಾಯಕ್ಕೆ ಖಂಡಿತ ಕೊಡ್ತೀವಿ. ನಿಮಗೆ ಆಗಿಲ್ವಲ್ಲ! ನೀವು ಬಿದ್ದಿದ್ದು ಮನೇಲಿ."

ಸ್ಟೋರ್‌ಕೀಪರ್ ತಾನು ಮನೆಯಲ್ಲಿ ಬಿದ್ದ ಸುದ್ದಿಯನ್ನು ಕೇಳಿದ್ದು ಆಗಲೇ ಮೊದಲು. ಸುಳ್ಳು ಹೇಳಿದರೂ ನಂಬುವ ಹಾಗೆ ಇರಬೇಕು ಎಂದು ಸೇಫ್ಟಿ ಆಫೀಸರು ಅವನ ಜೇಬಿನಿಂದ ಫೋನು ತೆಗೆದು ಅವನ ಹೆಂಡತಿಗೇ ಕರೆ ಮಾಡಿ ಸ್ಪೀಕರ್ ಒತ್ತಿದರು.

"ಅಮ್ಮಾ, ನಿಮ್ಮ ಯಜಮಾನ್ರು ಬೆಳಿಗ್ಗೆ ಮನೇಲಿ ಬಿದ್ದು ಕೈ ನೋವು ಮಾಡ್ಕೊಂಡ್ರು."

"ನಮ್ಮನೇಲಾ? ಮದುವೆಯಾದಾಗಿಂದ ಮನೇಲಿ ಒಂದು ಕಡ್ಡಿ ಎತ್ತಿ ಆ ಕಡೆ ಇಟ್ಟವರಲ್ಲ, ಎಲ್ಲಿಂದ ಬೀಳ್ತಾರೆ?"

"ಬಿದ್ರು ಅಂತ ಇಟ್ಕೊಳಿ ಅಮ್ಮಾ. ಇಲ್ಲಿ ಬಿದ್ರು ಅಂದ್ರೆ ವಾರದ ರಜೆ ಹೋಗುತ್ತೆ."

ಆ ಕಡೆ ಅವಳ ಕಣ್ಣ ಮುಂದೆ ಸಮುದ್ರ ಒಮ್ಮೆ ಹಿಂದಕ್ಕೆ ಸರಿದು ಮತ್ತೆ ಮುಂದೆ ಬಂದಿರಬೇಕು.

"ಹಾಗಾದ್ರೆ ಬಿದ್ರು. ಸ್ಟೂಲ್ ಹತ್ತಿ ಫ್ಯಾನ್ ಒರೆಸ್ತಿದ್ರು. ಬೇಡ ಬೇಡ ಅಂದೆ, ನನ್ನ ಮಾತು ಯಾವತ್ತು ಕೇಳಿದ್ದಾರೆ? ಸಾಕಾ?"

"ಬೇಕಾದಷ್ಟಾಯ್ತು ಅಮ್ಮಾ!"

"ಅಂದ ಹಾಗೆ ಯಾವ ಕೈ?"

ಹೆಂಡತಿಗೆ ತನ್ನ ಮೇಲೆ ಕೊನೆಗೂ ಕನಿಕರ ಬಂತೆಂದು ಸ್ಟೋರ್‌ಕೀಪರ್ ಫೋನಿನ ಹತ್ತಿರ ಬಾಗಿದ. "ಬಲಗೈ ಕಣೇ," ಎಂದ.

"ಸರಿ. ಕೇಳಿದ್ರೆ ಬಲಗೈ ಅಂತೀನಿ," ಎಂದು ಅವಳು ಫೋನಿಟ್ಟಳು.

ಮಧ್ಯಾಹ್ನ ಸಂಶೋಧನಾ ತಂಡ ಬಂತು. ಮುಂದಾಳು ಒಬ್ಬ ಲೇಡಿ ಡಾಕ್ಟರು, ಹಿಂದೆ ಇಬ್ಬರು ಸಹಾಯಕರು. ಮೊಹರು ಹಾಕಿದ ಪೆಟ್ಟಿಗೆ ನೋಡಿ ಅವರು ಹುಬ್ಬೇರಿಸಿದರು. ಮ್ಯಾನೇಜರು ಅದನ್ನು ಮೆಚ್ಚುಗೆ ಎಂದುಕೊಂಡರು. ಗೋದಾಮಿಗೆ ಬಂದಾಗ ಡಾಕ್ಟರು, "ಬೆನ್ನಿಗೆ ಪೆಟ್ಟಾಗದ ಹಾಗೆ ಭಾರ ಎತ್ತೋದನ್ನ ಯಾರಾದ್ರೂ ತೋರಿಸ್ತೀರಾ?" ಎಂದು ಕೇಳಿ ಸುತ್ತ ನೋಡಿದರು. ಇಡೀ ಕಾರ್ಖಾನೆಯಲ್ಲಿ ಗ್ಲೌಸ್ ತೊಟ್ಟಿದ್ದವನು ಒಬ್ಬನೇ. "ನೀವು ನಿಯಮ ಪಾಲಿಸೋರ ಹಾಗೆ ಕಾಣ್ತೀರಿ. ನೀವೇ ಬನ್ನಿ," ಎಂದರು.

ಪಾಪ, ಮಂಡಿ ಬಗ್ಗಿಸಿ ಕೂರುವವರೆಗೆ ಎಲ್ಲವೂ ಸರಿಯಾಗಿತ್ತು. ಎಡಗೈ, ಗದ್ದ, ಹೊಟ್ಟೆ ಮೂರನ್ನೂ ಸೇರಿಸಿ ಅವನು ಒಂದು ಭಾರದ ರಟ್ಟಿನ ಪೆಟ್ಟಿಗೆಯನ್ನು ಅರ್ಧ ಎತ್ತಿದ. ಪೆಟ್ಟಿಗೆ ಜಾರಿತು. ಹಿಡಿಯಲು ಬಲಗೈ ತಾನಾಗಿಯೇ ಮುಂದೆ ಹೋಯಿತು. ಅವನು ಹೊರಡಿಸಿದ ಸದ್ದು ಕೇಳಿ ಹೊರಗೆ ಲಾರಿ ಡ್ರೈವರು ಬ್ರೇಕು ಹಾಕಿದ. ಗ್ಲೌಸ್ ಕಳಚಿ ಬಿತ್ತು.

'ಒಡೆಯುವ ವಸ್ತು, ಜೋಪಾನ' ಎಂದು ಡಾಕ್ಟರು ಜೋರಾಗಿ ಓದಿದರು. "ಇದೆಲ್ಲಿ ಆಯ್ತು?"

ಮ್ಯಾನೇಜರು ಕೆಮ್ಮಿದರು. ಅಕ್ಕ ಕಣ್ಣು ಬಿಟ್ಟಳು. "ಮ... ಮನೇಲಿ ಮೇಡಂ. ಸ್ಟೂಲು," ಎಂದ ಸ್ಟೋರ್‌ಕೀಪರ್.

ಡಾಕ್ಟರಿಗೆ ನಂಬಿಕೆ ಬರಲಿಲ್ಲ. ಮನೆಗೆ ಫೋನು ಹೋಯಿತು. ಹೆಂಡತಿ ಅಂದು ಒಪ್ಪಿಸಿದ ಪಾಠ ಯಾವ ನಾಟಕದವರಿಗೂ ಬರಲಾರದು. ಸ್ಟೂಲಿನ ಒಂದು ಕಾಲು ಮೊದಲೇ ಅಲ್ಲಾಡುತ್ತಿತ್ತು, ಬಿದ್ದ ಸದ್ದಿಗೆ ಕೆಳಗಿನ ಮನೆಯವರು ಮೇಲೆ ಬಂದರು, ಕೈಗೆ ಕಟ್ಟಲು ತನ್ನ ಹೊಸ ಸೀರೆ ಹರಿಯಲೇ ಎಂದು ತಾನು ಕೇಳಿದೆ, ಬೇಡ ಕೆಲಸಕ್ಕೆ ಹೊತ್ತಾಯಿತು ಎಂದು ಅವರು ಹೊರಟೇಬಿಟ್ಟರು. ಕೊನೆಗೆ ಅತ್ತೂಬಿಟ್ಟಳು. ಡಾಕ್ಟರ ಕಣ್ಣೂ ತೇವವಾಯಿತು. ಕಾರ್ಖಾನೆ ಉಸಿರು ಬಿಟ್ಟಿತು.

"ಹಾಗಾದ್ರೆ ಇಲ್ಲಿ ವರ್ಷವೆಲ್ಲ ಒಂದು ಚಿಕ್ಕ ಗಾಯವೂ ವರದಿಯಾಗಿಲ್ಲ?" ಡಾಕ್ಟರು ಕೇಳಿದರು.

"ಒಂದು ತರಚುಗಾಯ ಕೂಡ ಇಲ್ಲ ಮೇಡಂ!" ಮ್ಯಾನೇಜರು ಎದೆಯುಬ್ಬಿಸಿದರು.

"ಛೇ! ಹಾಗಾದ್ರೆ ನಿಮಗೆ ರಜೆ ಸಿಗಲ್ಲ."

ಮ್ಯಾನೇಜರ ಉಬ್ಬಿದ ಎದೆ ಇಳಿಯಿತು.

"ನಮ್ಮ ಹೊಸ ಅಧ್ಯಯನದಲ್ಲಿ ಗೊತ್ತಾಗಿದ್ದು ಇದೇ," ಎಂದು ಡಾಕ್ಟರು ಶಾಂತವಾಗಿ ಹೇಳಿದರು. "ಎಲ್ಲಿ ಒಂದೂ ಗಾಯ ಇಲ್ಲ ಅಂತಾರೋ, ಅಲ್ಲಿ ಗಾಯ ಮುಚ್ಚಿಡ್ತಾರೆ. ಮುಚ್ಚಿಟ್ಟ ಕಡೆ ಆಮೇಲೆ ದೊಡ್ಡ ಅಪಘಾತ ಆಗುತ್ತೆ. ಅದಕ್ಕೇ ಒಂದಾದ್ರೂ ಗಾಯವನ್ನ ಆದ ದಿನವೇ ಬಾಯಿಬಿಟ್ಟು ಹೇಳಿ, ಕಾರಣ ಸರಿಪಡಿಸಿದ ಕಡೆಗೆ ಮಾತ್ರ ನಾವು ಹೂಂ ಅನ್ನೋದು. ನಿಮ್ಮ ಹೆಡ್ಡಾಫೀಸೂ ಒಪ್ಪಿದೆ."

ಮ್ಯಾನೇಜರು ಥಟ್ಟನೆ ಸ್ಟೋರ್‌ಕೀಪರನ ಬಲಗೈಯನ್ನು ಹಿಡಿದು ಮೇಲಕ್ಕೆತ್ತಿದರು. "ಇದೆ ಮೇಡಂ! ಒಂದಿದೆ! ಇಲ್ಲೇ ಆಗಿದ್ದು!"

"ಅಯ್ಯಯ್ಯಪ್ಪಾ!" ಎಂದಿತು ಗಾಯ.

"ಈ ಬೋರ್ಡಿಗೇ ಎಡವಿದ್ದು," ಎಂದು ಸೇಫ್ಟಿ ಆಫೀಸರು ಬೋರ್ಡನ್ನು ಮಗುವಿನಂತೆ ಎತ್ತಿಕೊಂಡು ಬಂದರು. "ನೆಲ ಒಣಗಿತ್ತು. ನಾನೇ ತೆಗೆದಿರಲಿಲ್ಲ. ಪೂರ್ತಿ ನನ್ನದೇ ತಪ್ಪು!"

ಈ ಮಾತು ಕೇಳಲು ಸ್ಟೋರ್‌ಕೀಪರ್ ಬೆಳಗಿನಿಂದ ಕಾದಿದ್ದ. "ಹೌದು ಮೇಡಂ! ಇಲ್ಲೇ ಬಿದ್ದೆ! ಸತ್ಯವಾಗಿ ಇಲ್ಲೇ!" ಎಂದು ಅವನೂ ಕೂಗಿದ.

ಡಾಕ್ಟರು ಬೇಸರದಿಂದ ತಲೆಯಾಡಿಸಿದರು. "ಮನೇಲಿ ಆದ ಗಾಯವನ್ನ ಕೆಲಸದಲ್ಲಿ ಆಯ್ತು ಅಂತ ತೋರಿಸೋದು. ಅದರ ಮೇಲೂ ನಾವು ಅಧ್ಯಯನ ಮಾಡಿದ್ದೀವಿ."

"ಬೇಕಾದ್ರೆ ನನ್ನ ಹೆಂಡತೀನೇ ಕೇಳಿ ಮೇಡಂ!" ಎಂದು ಅವನೇ ಎಡಗೈಯಿಂದ ಫೋನು ಒತ್ತಿದ. "ಲೇ, ನಿಜ ಹೇಳೇ. ನಾನು ಕಾರ್ಖಾನೇಲಿ ಬಿದ್ದೆ ಅಂತ ಹೇಳೇ!"

ಅವಳು ಇಂಥ ಪರೀಕ್ಷೆಗೆಲ್ಲ ಬಗ್ಗುವವಳಲ್ಲ. "ಏನ್ರೀ ಇದು? ಸ್ಟೂಲಿನಿಂದ ಬಿದ್ದು ಹೀಗೆ ಮಾತಾಡ್ತೀರಲ್ಲ! ಡಾಕ್ಟ್ರೇ, ತಲೆಗೂ ಪೆಟ್ಟು ಬಿದ್ದಿರ್ಬೇಕು, ಒಂಚೂರು ನೋಡಿ," ಎಂದಳು.

ಡಾಕ್ಟರು ನೋಡಿದರು. ತಲೆಗೆ ಏನೂ ಆಗಿಲ್ಲ, ಕೈ ಮುರಿದಿರಬಹುದು, ಕೂಡಲೇ ಎಕ್ಸ್‌ರೇ ತೆಗೆಸಿ ಎಂದರು. "ನಾಳೆ ಮಧ್ಯಾಹ್ನದವರೆಗೆ ನಮ್ಮ ಕೆಲಸ ಇಲ್ಲೇ ಇದೆ. ಅಲ್ಲೀವರೆಗೆ ಆಗಿದ್ದೆಲ್ಲ ಸೇರಿಸಿ ವರದಿ ಕಳಿಸ್ತೀವಿ," ಎಂದು ಹೇಳಿ ಹೊರಟರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಜ್ವರ ಬಂದ ಎತ್ತಿಗೇ ಬರೆ ಬಿತ್ತು. "ವರ್ಷಕ್ಕೆ ಒಂದು ಸಲ ಬಿದ್ದೆ, ಅದನ್ನೂ ನೆಟ್ಟಗೆ ಹೇಳೋಕೆ ಬರ್ಲಿಲ್ವಲ್ಲೋ! ನನ್ನ ಮಗಳಿಗೆ ಏನಂತ ಹೇಳ್ಲಿ?" ಎಂದು ಅಕ್ಕ ಕಣ್ಣೊರೆಸಿಕೊಂಡಳು. ಸುಳ್ಳು ಹೇಳುವವರಿಗೆ ಕಾರ್ಖಾನೆಯಲ್ಲಿ ಜಾಗವಿಲ್ಲ ಎಂದು ಸೇಫ್ಟಿ ಆಫೀಸರು ಗುಡುಗಿದರು. ಬೆಳಗಿನಿಂದ ತಾನು ಬಾಯಿಬಿಟ್ಟು ಹೇಳಿದ್ದು ಎರಡೇ ಮಾತು, ಅದರಲ್ಲಿ ನಿಜವನ್ನು ಇವರು ಮುಚ್ಚಿಸಿದರು, ಸುಳ್ಳನ್ನು ಇವರೇ ಹೇಳಿಸಿದರು ಎಂದು ಕಿರುಚಬೇಕೆನಿಸಿತು ಸ್ಟೋರ್‌ಕೀಪರನಿಗೆ. ಕಿರುಚಿದರೆ ಕೈ ಅಲುಗುತ್ತಿತ್ತು.

ಮ್ಯಾನೇಜರು ಮಾತ್ರ ಬೈಯಲಿಲ್ಲ. ತಮ್ಮ ಕೋಣೆಗೆ ಕರೆದು, ಕುರ್ಚಿ ಎಳೆದು ಕೂರಿಸಿ, ತಾವೇ ನೀರು ಬಗ್ಗಿಸಿ ಕೊಟ್ಟರು. ಇಷ್ಟು ವರ್ಷಗಳಲ್ಲಿ ಆ ಕುರ್ಚಿಯ ಮೇಲೆ ಅವನು ಕೂತದ್ದು ಇದೇ ಮೊದಲು.

"ಆಸ್ಪತ್ರೆಗೆ ಹೋಗಿ, ಚೆನ್ನಾಗಿ ತೋರಿಸ್ಕೊಳ್ಳಿ. ಮನೇಲಿ ಬಿದ್ದಿದ್ದಕ್ಕೆ ಕಂಪನಿ ಏನೂ ಮಾಡೋಕಾಗಲ್ಲ, ಅದು ನಿಮಗೇ ಗೊತ್ತು."

"ಗೊತ್ತು ಸಾರ್."

"ಆದ್ರೆ ನಾಳೆ ಬೆಳಿಗ್ಗೆ ತಪ್ಪದೆ ಬಂದ್ಬಿಡಿ. ಅವರು ಬರೋದಕ್ಕೆ ಸ್ವಲ್ಪ ಮುಂಚೆ."

"ಒಂದೇ ಕೈಯಲ್ಲಿ ನಾನೇನು ಕೆಲಸ ಮಾಡ್ಲಿ ಸಾರ್?"

ಮ್ಯಾನೇಜರು ಎದ್ದು ಬಾಗಿಲು ಮುಚ್ಚಿ ಬಂದು, ಅವನ ಎಡಗೈಯನ್ನು ಎರಡೂ ಕೈಗಳಿಂದ ಮೃದುವಾಗಿ ಹಿಡಿದುಕೊಂಡರು.

"ಇದು ಇನ್ನೂ ಚೆನ್ನಾಗಿದೆ, ಅಲ್ವಾ?" ಎಂದರು.